ಗುಪ್ತ ವರದಿಗಳ ಸಾಹೇಬರು

ಅವರ ಎಡಗೈಯ ಕಿರುಬೆರಳಿನ ಉಗುರು ಮುಕ್ಕಾಲು ಅಂಗುಲ ಉದ್ದವಿತ್ತು. ಉಳಿದ ಒಂಬತ್ತನ್ನು ಪ್ರತಿ ಶನಿವಾರ ಆಫೀಸಿನ ಕಿಟಕಿಯ ಬಳಿ ಕೂತು ಬ್ಲೇಡಿನಿಂದ ನೀಟಾಗಿ ತೆಗೆದುಕೊಳ್ಳುತ್ತಿದ್ದವರು ಅದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಆ ಉಗುರಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದರು, ನಶ್ಯದ ಡಬ್ಬಿಯ ಮುಚ್ಚಳ ಎಬ್ಬಿಸುತ್ತಿದ್ದರು, ಅದರಿಂದಲೇ ಕಡತದ ಹಾಳೆಗಳನ್ನೂ ಮಗುಚುತ್ತಿದ್ದರು. ಕಣ್ಣು ಕಿಟಕಿಯಾಚೆ ಬೆಟ್ಟದ ಕಡೆಗಿರುತ್ತಿತ್ತು. ಹಾಳೆಗಳು ಮುಗಿದದ್ದು ಉಗುರಿಗೆ ತಿಳಿಯುತ್ತಿತ್ತೋ ಏನೋ, ಕೊನೆಯದು ಬಂದ ಕೂಡಲೇ ಹಸಿರು ಶಾಯಿಯ ಪೆನ್ನು ತೆಗೆದು ‘ನೋಡಿದೆ’ ಎಂದು ಬರೆದು ಸಹಿ ಹಾಕುತ್ತಿದ್ದರು. ನಾನು ಅವರ ಕೈಕೆಳಗೆ ಟೈಪಿಸ್ಟಾಗಿದ್ದ ಮೂರು ವರ್ಷಗಳಲ್ಲಿ ಅವರು ಒಂದು ಕಡತವನ್ನಾದರೂ ಓದಿದ್ದನ್ನು ನಾನು ಕಾಣಲಿಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಿದ್ದಳು ನಮ್ಮಮ್ಮ. ಹುಡುಕಿದರೆ ಅವರಲ್ಲೂ ಒಂದು ಒಳ್ಳೆಯದು ಸಿಗುತ್ತದೆ, ಅದು ನನಗೇ ಆದ ಉಪಕಾರ. ಆದರೆ ಅದನ್ನು ಹೇಳಬೇಕಾದರೆ ಮಿಕ್ಕಿದ್ದನ್ನೂ ಹೇಳಬೇಕಾಗುತ್ತದೆ.

ಎಪ್ಪತ್ತರ ದಶಕದ ನಡುವೆ, ತುರ್ತು ಪರಿಸ್ಥಿತಿಯ ಕಾಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಿನಲ್ಲೂ ಸಾದಾ ಬಟ್ಟೆಯ ಪೊಲೀಸರು ಓಡಾಡುತ್ತಿದ್ದರು. ಜನ ಅವರನ್ನು ಮಫ್ತಿಯವರು ಎನ್ನುತ್ತಿದ್ದರು. ಹೋಟೆಲಿನ ಮೂಲೆಯ ಬೆಂಚಿನಲ್ಲಿ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಕೇಳಿಸಿಕೊಂಡದ್ದನ್ನು ಗುಪ್ತ ವರದಿ ಎಂದು ಬರೆದು ಕಳಿಸುವುದು ಅವರ ಕೆಲಸ. ಆ ಒಂದು ಹಾಳೆಯ ಬಲದ ಮೇಲೆ ಯಾರನ್ನು ಬೇಕಾದರೂ ವಿಚಾರಣೆಯಿಲ್ಲದೆ ಒಳಗೆ ಹಾಕಬಹುದಾಗಿತ್ತು. ಹಾಗಾಗಿ ಮೇಲಿನವರಲ್ಲಿ ಯಾರಿಗೋ ಒಂದಿಷ್ಟು ಅಳುಕು ಹುಟ್ಟಿ, ಈ ಬೇಹುಗಾರರ ಮೇಲೆ ಕಣ್ಣಿಡಲು ಒಬ್ಬ ಹೊರಗಿನ ಅಧಿಕಾರಿ ಇರಲಿ ಎಂದು ನೇಮಿಸಿದರು. ಪ್ರತಿಯೊಂದು ವರದಿಯನ್ನೂ ಓದಬೇಕು, ಸ್ಥಳಕ್ಕೆ ಹೋಗಬೇಕು, ಹೆಸರು ಬಂದವನನ್ನು ಕರೆಸಿ ಕೇಳಬೇಕು, ಸುಳ್ಳೆಂದು ಕಂಡರೆ ‘ನಿರಾಧಾರ’ ಎಂದು ಬರೆದು ಹೆಸರು ಹೊಡೆದುಹಾಕಬೇಕು. ಆ ಅಧಿಕಾರ ನಾಲ್ಕು ತಾಲ್ಲೂಕಿನಲ್ಲಿ ಅವರೊಬ್ಬರಿಗೇ ಇತ್ತು.

ನಾನು ಆಗ ಇಪ್ಪತ್ತೆರಡರ ಹುಡುಗಿ. ಮೇಷ್ಟರಾಗಿದ್ದ ಅಪ್ಪ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಕೊರಟಗೆರೆಯಿಂದ ದಿನವೂ ಬಸ್ಸಿನಲ್ಲಿ ಮಧುಗಿರಿಗೆ ಬರುತ್ತಿದ್ದೆ. ಬೆಟ್ಟದ ಬುಡದ ಓಣಿಯಲ್ಲಿ ಒಂದು ಬಾಡಿಗೆ ಮನೆಯೇ ಆಫೀಸು. ಮುಂದಿನ ಪಡಸಾಲೆಯಲ್ಲಿ ನಾನು ಮತ್ತು ಟೈಪ್ ಯಂತ್ರ, ಬಾಗಿಲಿನಲ್ಲಿ ಒಬ್ಬ ಮುದಿ ಜವಾನ, ಒಳಕೋಣೆಯಲ್ಲಿ ಸಾಹೇಬರು. ಮೊದಲ ದಿನ ಅವರು ನನ್ನ ಸರ್ಟಿಫಿಕೇಟನ್ನೂ ಉಗುರಿನಿಂದಲೇ ಮಗುಚಿದರು.

“ನೋಡಮ್ಮ, ನಿನ್ನದು ತಾತ್ಕಾಲಿಕ ಕೆಲಸ. ಖಾಯಂ ಆಗಬೇಕು ಅಂದ್ರೆ ನಾನು ಬರೀಬೇಕು. ನಾನು ಬರೀಬೇಕು ಅಂದ್ರೆ ಇಲ್ಲಿ ಏನೂ ತಕರಾರು ಇರಬಾರದು. ಗೊತ್ತಾಯ್ತಾ?”

ಗೊತ್ತಾಯಿತು ಎಂದೆ.

ಅವರು ಗುಮಾಸ್ತರಾಗಿ ಸೇರಿ ದೊಡ್ಡ ಹುದ್ದೆಯವರೆಗೆ ಏರಿ ನಿವೃತ್ತರಾದವರು. ಮೂವತ್ತು ವರ್ಷ ಚಾಕರಿ ಮಾಡಿ ಒಂದು ಕಪ್ಪು ಚುಕ್ಕೆ ಇಲ್ಲದೆ ಹೊರಬಂದದ್ದಕ್ಕೆ ಬಹುಮಾನವಾಗಿ ಈ ಹುದ್ದೆ ಸಿಕ್ಕಿತ್ತು. “ಯಾಕೆ ಹೀಗೆ ಮಾಡಿದೆ ಅಂತ ಒಬ್ಬರ ಹತ್ತಿರವೂ ಅನ್ನಿಸಿಕೊಂಡಿಲ್ಲಮ್ಮ” ಎಂದು ಹೇಳಿಕೊಳ್ಳುತ್ತಿದ್ದರು. ಏನನ್ನಾದರೂ ಮಾಡಿದವನನ್ನು ತಾನೇ ಯಾರಾದರೂ ಹಾಗೆ ಕೇಳುವುದು! ಅವರದ್ದೊಂದು ಸಿದ್ಧಾಂತವಿತ್ತು. ಕಾಫಿ ಕುಡಿದು ಮನಸ್ಸು ತಿಳಿಯಾಗಿದ್ದಾಗ ನನಗೆ ಪಾಠ ಹೇಳುವಂತೆ ಹೇಳುತ್ತಿದ್ದರು: “ನಿರಾಧಾರ ಅಂತ ಬರೆದ್ರೆ ಕಾರಣ ಬರೀಬೇಕು. ಸರಿಯಾಗಿದೆ ಅಂತ ಬರೆದ್ರೂ ಕಾರಣ ಬರೀಬೇಕು. ನೋಡಿದೆ ಅಂತ ಬರೆದ್ರೆ ಯಾರೂ ಏನೂ ಕೇಳೋ ಹಾಗಿಲ್ಲ.” ಇನ್ನೊಂದು ಮಾತನ್ನು ನಗುತ್ತಾ ಹೇಳುತ್ತಿದ್ದರು: “ಕಾಯೋ ನಾಯಿ ಬೊಗಳಬಾರದಮ್ಮ. ಬೊಗಳಿದ್ರೆ ಮೊದಲು ಯಜಮಾನನ ನಿದ್ದೆ ಕೆಡುತ್ತೆ, ಕಲ್ಲು ಬೀಳೋದು ನಾಯಿಗೇ.” ತಮ್ಮನ್ನು ತಾವೇ ನಾಯಿ ಎಂದುಕೊಳ್ಳುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ. ಹೊಳೆದರೂ ಬೇಸರವಾಗುತ್ತಿರಲಿಲ್ಲವೇನೋ.

ತಿಂಗಳಿಗೊಮ್ಮೆ ಜೀಪಿನಲ್ಲಿ ಕ್ಯಾಂಪು. ಹೇಳಿಕೆಗಳನ್ನು ಬರೆದುಕೊಳ್ಳಲು ನನ್ನನ್ನೂ ಕರೆದೊಯ್ಯುತ್ತಿದ್ದರು. ಯಾವ ಮಫ್ತಿಯವರ ಬರಹವನ್ನು ಒರೆಗೆ ಹಚ್ಚಬೇಕಿತ್ತೋ ಅವರೇ ಪ್ರವಾಸಿ ಮಂದಿರದ ಬಾಗಿಲಲ್ಲಿ ಕೈಕಟ್ಟಿ ನಿಂತು ಊಟದ ಏರ್ಪಾಡು ನೋಡಿಕೊಳ್ಳುತ್ತಿದ್ದರು. ಸಿರಾಕ್ಕೆ ಹೋದರಂತೂ ಮದಲೂರು ಕೆರೆಯ ಮೀನು ಆಗಲೇಬೇಕು. ಸಿರಾದ ಮಫ್ತಿಯವನು ಬೆಳಗ್ಗೆಯೇ ಸೈಕಲ್ ಹತ್ತಿ ತಂದು ಹುರಿಸಿ ಇಟ್ಟಿರುತ್ತಿದ್ದ.

ಅಂಥ ಒಂದು ದಿನ ಸಿರಾದಲ್ಲಿ ರೇಡಿಯೊ ರಿಪೇರಿಯ ಬಾಷಾ ಸಾಬರು ಬಂದರು. ‘ವಿದೇಶಿ ಬಾನುಲಿ ಕೇಂದ್ರಗಳನ್ನು ಆಲಿಸುತ್ತಾನೆ’ ಎಂದು ಅವರ ಮೇಲೆ ವರದಿಯಾಗಿತ್ತು. ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಬೇಕಿತ್ತು. ಅದನ್ನು ಕಂಡ ಮೇಲೆ ಊರಿನವರು ಅವರ ಅಂಗಡಿಗೆ ರೇಡಿಯೊ ತರುವುದನ್ನೇ ಬಿಟ್ಟಿದ್ದರು. ಸಾಹೇಬರು ಒಳಗೆ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಸಾಬರು ಜಗಲಿಯಲ್ಲಿ ನನ್ನ ಮುಂದೆ ನಿಂತು ಹೇಳಿದರು:

“ಅಮ್ಮಾ, ರಿಪೇರಿ ಆದ್ಮೇಲೆ ಮುಳ್ಳನ್ನ ಈ ಕಡೆಯಿಂದ ಆ ಕಡೆ ತಂಕ ತಿರುಗ್ಸಿ ನೋಡ್ಬೇಕಲ್ವಾ? ಮಧ್ಯದಾಗೆ ಯಾವ ದೇಶ ಸಿಗ್ತದೋ ಖುದಾಗೇ ಗೊತ್ತು. ನಾನೇನು ಕೂತ್ಕಂಡು ಕೇಳ್ತೀನಾ? ಅವರ ಬಾಸೆ ನಂಗೆ ಬರ್ತದಾ?”

ನಾನು ಒಳಗೆ ಹೋಗಿ ಹೇಳಿದೆ. “ಬರೆದು ಕೊಡಕ್ಕೆ ಹೇಳಮ್ಮ” ಎಂದರು ಸಾಹೇಬರು. ಸಾಬರು ಒಂದು ಹಾಳೆಯ ತುಂಬ ಕಷ್ಟಪಟ್ಟು ಬರೆದು ಕೊಟ್ಟರು. ಅದನ್ನು ಕಡತಕ್ಕೆ ಸೇರಿಸಿದ್ದಾಯಿತು. ಅದರ ಮೇಲೂ ‘ನೋಡಿದೆ’ ಬಿತ್ತು. ಸಾಬರು ಒಂದು ವರ್ಷ ಸೋಮವಾರಗಳನ್ನು ಠಾಣೆಯಲ್ಲಿ ಕಳೆದರು.

ಆಗೆಲ್ಲ ನನಗೆ ಅವರ ಮೇಲೆ ಬರೀ ತಾತ್ಸಾರವಿತ್ತು. ಸೋಮಾರಿ ಮನುಷ್ಯ, ಸೋಮಾರಿಗಳು ಎಲ್ಲ ಆಫೀಸಿನಲ್ಲೂ ಇರುತ್ತಾರೆ ಎಂದುಕೊಂಡಿದ್ದೆ. ಐ.ಡಿ.ಹಳ್ಳಿ ಕಡೆಯ ಕುರಿಗಾಹಿ ಚಿತ್ತಯ್ಯನ ವರದಿ ಬಂದ ಮೇಲೆ ಅದು ಬರೀ ತಾತ್ಸಾರವಾಗಿ ಉಳಿಯಲಿಲ್ಲ.

ವರದಿ ಬರೆದವನು ಪಾವಗಡದ ಮಫ್ತಿಯವನು. ಕೈಬರಹದ ವರದಿಯನ್ನು ಕಡತಕ್ಕೆಂದು ಟೈಪು ಮಾಡುವಾಗ ಓದಿದ್ದರಿಂದ ಅದು ನನಗೆ ಇಂದಿಗೂ ಬಾಯಿಪಾಠ. ಸದರಿ ಚಿತ್ತಯ್ಯನು ಕುರಿ ಮೇಯಿಸುವ ನೆಪದಲ್ಲಿ ಆಗಾಗ್ಗೆ ಆಂಧ್ರದ ಗಡಿ ದಾಟುತ್ತಾನೆ. ಅಲ್ಲಿನ ನಿಷೇಧಿತ ಗುಂಪುಗಳಿಗೆ ಸುದ್ದಿ ಸಾಗಿಸುವನೆಂದು ಗುಮಾನಿಯಿದೆ. ಗುಡ್ಡಗಳಲ್ಲಿ ಬೆಂಕಿ ಹಚ್ಚಿ ಸಂಕೇತ ಕೊಡುತ್ತಾನೆ. ಅವನ ಕುರಿಗಳ ಬೆನ್ನಿನ ಮೇಲೆ ಕೆಂಪು ಬಣ್ಣದ ಗುರುತುಗಳಿದ್ದು, ಸದರಿ ಬಣ್ಣವು ಗಮನಾರ್ಹವಾಗಿದೆ.

ಓದಿ ನಾನು ನಕ್ಕುಬಿಟ್ಟೆ. ನಮ್ಮ ಕಡೆ ಮಂದೆಗಳು ಬೆರೆತುಹೋದರೆ ಗುರುತು ಸಿಗಲಿ ಎಂದು ಕುರಿಯ ಬೆನ್ನಿಗೆ ಜಾಜು, ಅಂದರೆ ಕೆಮ್ಮಣ್ಣು, ಬಳಿಯುವುದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ತೋಳ ಬರದಿರಲೆಂದು ಬೆಂಕಿ ಹಾಕುತ್ತಾರೆ. ಕೊಯ್ಲಾದ ಹೊಲ ಎಲ್ಲಿದೆಯೋ ಕುರಿ ಅಲ್ಲಿಗೆ ಹೋಗುತ್ತದೆ, ಗಡಿಯ ಕಲ್ಲು ನೋಡಿ ನಿಲ್ಲುವುದಿಲ್ಲ. ಇದಾದರೂ ಸಾಹೇಬರ ಕಣ್ಣಿಗೆ ಬೀಳಲಿ ಎಂದು ಧೈರ್ಯ ಮಾಡಿ ಬಾಯಿಯಲ್ಲೇ ಹೇಳಿದೆ.

“ಸಾರ್, ಜಾಜು ಸಾರ್ ಅದು. ಎಲ್ಲ ಕುರಿಗೂ ಬಳಿದಿರ್ತಾರೆ.”

“ನೀನು ಕುರಿ ಕಾಯ್ದಿದೀಯೇನಮ್ಮ?”

“ಇಲ್ಲ ಸಾರ್.”

“ಹಾಗಿದ್ರೆ ಟೈಪ್ ಮಾಡು.”

ಮಗುಚಿ ಸಹಿ ಹಾಕಿದರು. ಹತ್ತು ದಿನದೊಳಗೆ ಚಿತ್ತಯ್ಯನನ್ನು ಮಂದೆಯ ಮಧ್ಯದಿಂದ ಎಬ್ಬಿಸಿಕೊಂಡು ಹೋಗಿ ದೂರದ ಜೈಲಿಗೆ ಹಾಕಿದರು.

ಅದಾಗಿ ಒಂದು ವಾರಕ್ಕೆ ಅವನ ಹೆಂಡತಿ ಕೆಂಚಮ್ಮ ಆಫೀಸು ಹುಡುಕಿಕೊಂಡು ಬಂದಳು. ಯಾರೋ ಪುಣ್ಯಾತ್ಮರು ಮಧುಗಿರಿಯಲ್ಲಿ ಮಫ್ತಿಯವರ ಮೇಲೊಬ್ಬ ಸಾಹೇಬರಿದ್ದಾರೆ ಎಂದು ಹೇಳಿದ್ದರಂತೆ. ನಡೆದು ಬಂದ ಕಾಲಿನ ತುಂಬ ಧೂಳು. ಸೆರಗಿನಲ್ಲಿ ಒಂದು ಕಂಬಳಿಯ ತುಂಡು. ಸಾಹೇಬರು ಒಳಗಿದ್ದರು. ಅವಳ ದನಿ ಕೇಳಿದ್ದೇ ಜವಾನನನ್ನು ಕರೆದು ಪರದೆಯ ಸಂದಿನಿಂದ ಪಿಸುಗುಟ್ಟಿದರು. ಜವಾನ ಬಂದು ನನಗೆ ಕಣ್ಸನ್ನೆ ಮಾಡಿದ. ಹೇಳುವ ಭಾರ ನನ್ನ ಮೇಲೆ ಬಿತ್ತು.

“ಸಾಹೇಬರು ಇಲ್ಲಮ್ಮ, ಕ್ಯಾಂಪಿಗೆ ಹೋಗಿದಾರೆ.”

“ಎಲ್ಲಿಗವ್ವಾ?”

“ಸಿರಾಕ್ಕೆ.”

ಅವಳು ಒಳಬಾಗಿಲ ಕಡೆ ನೋಡಿದಳು. ಹೊಸ್ತಿಲ ಹತ್ತಿರ ಸಾಹೇಬರ ಚಪ್ಪಲಿ ಜೋಡಿಯಾಗಿ ಬಿಟ್ಟಿದ್ದವು.

“ಮೆಟ್ಟು ಇಲ್ಲೇ ಅವಲ್ಲವ್ವಾ. ಸಾಹೇಬ್ರು ಬರಿಗಾಲಾಗೆ ಹೋದ್ರಾ ಸಿರಾಕೆ?”

ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ನಾನು ಯಂತ್ರಕ್ಕೆ ಹೊಸ ಹಾಳೆ ಏರಿಸಿದೆ. ಅವಳು ಅಲ್ಲೇ ಗೋಡೆಗೆ ಒರಗಿ ಕೂತಳು.

“ನಮ್ಮೆಜಮಾನ್ರು ಕುರಿ ಕಾಯೋರು ಕಣವ್ವಾ. ಸುದ್ದಿ ಸಾಗ್ಸಾಕೆ ಆಯಪ್ಪಂಗೆ ಮಾತೇ ಬರಲ್ಲ. ಮನೇಲೂ ಮಾತಾಡಲ್ಲ, ಕುರಿ ತಾವ ಮಾತಾಡ್ತಾರೆ ಅಷ್ಟೇ. ಹಿಡ್ಕಂಡು ಹೋಗ್ಬುಟ್ರು. ಕುರಿಗಳು ದಿಕ್ಕಾಪಾಲಾಗ್ಬುಟ್ವು. ಹೆಂಗೆ ಮಾಡ್ಲಿ ನಾನು? ಸಾಹೇಬ್ರು ಬರೋ ತಂಕ ಕುಂತಿರ್ತೀನಿ.”

ಸಂಜೆಯವರೆಗೂ ಕೂತಿದ್ದಳು. ಸಾಹೇಬರು ಸಂಜೆಯವರೆಗೂ ಒಳಗಿದ್ದರು. ಮಧ್ಯಾಹ್ನದ ಊಟವನ್ನು ಹಿತ್ತಿಲ ಬಾಗಿಲಿನಿಂದ ತರಿಸಿಕೊಂಡರು, ಕೆಮ್ಮು ಬಂದರೆ ಬಾಯಿಗೆ ಪಂಚೆ ಒತ್ತಿಕೊಂಡರು. ಅರವತ್ತು ದಾಟಿದ ಗಂಡಸು, ನಾಲ್ಕು ತಾಲ್ಲೂಕಿನ ಬೇಹುಗಾರರ ಮೇಲೆ ಅಧಿಕಾರ ಇದ್ದವರು, ಬರಿಗಾಲಿನ ಒಬ್ಬ ಹೆಂಗಸಿಗೆ ಹೆದರಿ ಕೆಮ್ಮನ್ನು ನುಂಗುತ್ತಾ ಕೂತಿದ್ದರು. ಕೊನೆಯ ಬಸ್ಸಿನ ಹೊತ್ತಿಗೆ ಅವಳು ಎದ್ದು ಹೋದಳು. ಆಮೇಲೆ ಸಾಹೇಬರು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಜವಾನನಿಗೆ, “ನಾಳೆಯಿಂದ ಇವನ್ನ ಒಳಗಿಡೋ” ಎಂದರು. ಅವರು ಕಲಿತ ಪಾಠ ಅಷ್ಟು.

ಎರಡು ತಿಂಗಳ ಮೇಲೆ ಇನ್ನೊಬ್ಬರು ಬಂದರು. ಪಾವಗಡದ ಮಫ್ತಿಯವನು, ಚಿತ್ತಯ್ಯನ ಮೇಲೆ ವರದಿ ಬರೆದವನೇ. ಮೂವತ್ತರ ಆಸುಪಾಸಿನ ಕೃಶವಾದ ಮನುಷ್ಯ. ಸಾಹೇಬರ ಮುಂದೆ ನಿಂತವನು ಕೂರು ಎಂದರೂ ಕೂರಲಿಲ್ಲ. ಪರದೆ ಸರಿದಿತ್ತು, ನನಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

“ಸಾರ್, ಆ ಚಿತ್ತಯ್ಯನ್ದು ನಾನು ತಪ್ಪು ಬರೆದ್ಬುಟ್ಟೆ ಸಾರ್.”

“ತಪ್ಪು ಅಂದ್ರೆ ಏನಯ್ಯ?”

“ತಿಂಗಳಿಗೆ ಮೂರು ವರದಿ ಕಳಿಸ್ದಿದ್ರೆ ಮೆಮೊ ಬರ್ತದೆ ಸಾರ್. ಆ ತಿಂಗ್ಳು ಎರಡೇ ಆಗಿದ್ವು. ಬಸ್‌ಸ್ಟ್ಯಾಂಡಲ್ಲಿ ಕುಂತಿದ್ದೆ, ಎದುರಿಗೆ ಮಂದೆ ಹೋಗ್ತಿತ್ತು. ಯಾರ್ದಯ್ಯಾ ಅಂದೆ, ಹೆಸ್ರು ಹೇಳಿದ. ಬರೆದಾಕ್ಬುಟ್ಟೆ. ಆಯಪ್ಪನ್ನ ನಾನು ಅದಕ್ಕಿಂತ ಮುಂಚೆ ನೋಡ್ದೋನೇ ಅಲ್ಲ.”

ಸಾಹೇಬರು ಉಗುರಿನಿಂದ ನಶ್ಯದ ಡಬ್ಬಿಯ ಮುಚ್ಚಳ ಎಬ್ಬಿಸಿದರು. ಅವನೇ ಮುಂದುವರಿಸಿದ.

“ಯಾರು ಓದ್ತಾರೆ ಅಂದ್ಕಂಡೆ ಸಾರ್. ಓದಿದ್ರೂ ನೀವು ಹೊಡೆದಾಕ್ತೀರಿ ಅಂದ್ಕಂಡೆ. ಅದಕ್ಕೇ ತಾನೆ ಸಾರ್ ನಿಮ್ಮನ್ನ ಇಟ್ಟಿರೋದು?”

ಆ ಮಾತಿಗೆ ಯಾವ ಮನುಷ್ಯನಾದರೂ ತಲೆ ತಗ್ಗಿಸಬೇಕಿತ್ತು. ಸಾಹೇಬರು ನಶ್ಯ ಏರಿಸಿ, ಮೂಗು ಒರೆಸಿಕೊಂಡು, ತಣ್ಣಗೆ ಕೇಳಿದರು: “ಹೆಂಡತಿ ಮಕ್ಕಳಿದಾರಾ?”

“ಇದಾರೆ ಸಾರ್. ಎರಡು.”

“ಹಾಗಿದ್ರೆ ಊರಿಗೆ ಹೋಗು. ನೀನು ತಪ್ಪು ಬರೆದೆ ಅಂತಾದ್ರೆ, ನೋಡಿದೆ ಅಂತ ಬರೆದ ನಾನು ಏನಾದೆ? ಯೋಚನೆ ಮಾಡಿದೀಯಾ?”

ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ತಾನು ಬರೆದದ್ದು ಸುಳ್ಳೆಂದು ತನ್ನ ಕೈಯಾರೆ ಬರೆದು ಸಹಿ ಹಾಕಿದ್ದ. ಸಾಹೇಬರು ಅದನ್ನು ಬಿಡಿಸಲಿಲ್ಲ. ಉಗುರಿನ ತುದಿಯಿಂದ ಮೇಜಿನ ಈ ಅಂಚಿನಿಂದ ಆ ಅಂಚಿಗೆ, ಅವನ ಕಡೆಗೇ ತಳ್ಳಿದರು. “ಇದು ನನ್ನ ಕೈಗೆ ಬರಲಿಲ್ಲ. ನಾನು ಇದನ್ನ ನೋಡಲಿಲ್ಲ.”

ಅವನು ಕಾಗದ ಎತ್ತಿಕೊಂಡು ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತ. “ನೀವಾದ್ರೂ ಇಟ್ಕಳಿ ಮೇಡಂ. ಕಡತಕ್ಕೆ ಸೇರ್ಸಿಬುಡಿ.”

ನಾನು ತಲೆಯೆತ್ತಲಿಲ್ಲ. “ನಂದು ತಾತ್ಕಾಲಿಕ ಕೆಲಸ” ಎಂದೆ. ಅವನು ಕಾಗದವನ್ನು ಮತ್ತೆ ಜೇಬಿಗಿಟ್ಟುಕೊಂಡು ಹೊರಟುಹೋದ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೆ ಅವರ ಹೇಡಿತನ ಬರೆದು ನನ್ನದನ್ನು ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಅವನು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅದೇ ಕಾಗದವನ್ನು ಮೇಲಿನವರಿಗೆ ಅಂಚೆಯಲ್ಲಿ ಕಳಿಸಿದ. ಅವನ ಅಮಾನತ್ತಾಯಿತು. ಚಿತ್ತಯ್ಯನ ಬಿಡುಗಡೆ ಮಾತ್ರ ಆಗಲಿಲ್ಲ.

ಚುನಾವಣೆ ಬಂತು, ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ಜೈಲುಗಳ ಬಾಗಿಲು ತೆರೆದವು, ಚಿತ್ತಯ್ಯನೂ ಹೊರಬಂದ. ಹಿಂದಿನ ದಿನದವರೆಗೂ ‘ಶಿಸ್ತು ಬೇಕಮ್ಮ ದೇಶಕ್ಕೆ’ ಎನ್ನುತ್ತಿದ್ದ ಸಾಹೇಬರು ಆ ವಾರದಿಂದಲೇ ‘ಎಂಥ ಕರಾಳ ದಿನಗಳು’ ಎಂದು ತಲೆಯಾಡಿಸತೊಡಗಿದರು. ಹಾಗಿರುವಾಗ ಒಂದು ದಿನ ಮೇಲಿನಿಂದ ಪತ್ರ ಬಂತು. ಅಮಾನತ್ತಾದ ಪೊಲೀಸಿನವನ ಕಾಗದವನ್ನು ಯಾರೋ ಹುಡುಕಿ ತೆಗೆದಿದ್ದರು. ಚಿತ್ತಯ್ಯನ ವರದಿಯ ಬಗ್ಗೆ ಪರಿಶೀಲನಾಧಿಕಾರಿಗಳ ಅಭಿಪ್ರಾಯ ಏನಿತ್ತು, ದಾಖಲೆ ಸಮೇತ ತಿಳಿಸಬೇಕು ಎಂದು ಕೇಳಿದ್ದರು.

ಆ ಪತ್ರವನ್ನು ಅವರು ಉಗುರಿನಿಂದ ಮಗುಚಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಎರಡು ಸಲ ಓದಿದರು. ನನಗೆ ಖುಷಿಯಾಯಿತು. ಮಾರನೆಯ ಬೆಳಗ್ಗೆ ಬೇಗ ಬರಲು ಹೇಳಿದರು. ಜವಾನನನ್ನು ಅಂಚೆಗೆ ಕಳಿಸಿ ಬಾಗಿಲು ಮುಂದೆ ಮಾಡಿ, ತಾವೇ ನನ್ನ ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.

“ಒಂದು ಟಿಪ್ಪಣಿ ಹೇಳ್ತೀನಿ, ಹೊಡಿ. ತಾರೀಕು ಹಿಂದಿನದು ಹಾಕು, ವರದಿ ಬಂದ ವಾರದ್ದು.”

ಹೇಳುತ್ತಾ ಹೋದರು. ಸದರಿ ವರದಿಯು ನಿರಾಧಾರವೆಂದು ನನ್ನ ಖಚಿತ ಅಭಿಪ್ರಾಯ. ಕುರಿಗಳಿಗೆ ಜಾಜು ಬಳಿಯುವುದು ಈ ಸೀಮೆಯ ರೂಢಿ. ಬೆಂಕಿ ಹಾಕುವುದು ತೋಳಗಳ ಭಯಕ್ಕೆ. ಒಬ್ಬ ಅಮಾಯಕ ಕುರಿಗಾಹಿಯ ಸ್ವಾತಂತ್ರ್ಯ ಹರಣವಾಗಬಾರದು.

ನನ್ನ ಬೆರಳು ನಿಂತವು. ಜಾಜಿನ ಮಾತು ನಾನು ಹೇಳಿದ್ದು. ತೋಳದ ಮಾತು ನಾನು ಹೇಳಿದ್ದಲ್ಲ, ಅವರಿಗೇ ಗೊತ್ತಿದ್ದದ್ದು. ಅಂದರೆ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಅವರು ಓದದೆ ಸಹಿ ಹಾಕುತ್ತಿದ್ದಾರೆ ಎಂದು ಅಷ್ಟು ದಿನ ನಾನು ಅವರಿಗೆ ಒಂದು ರಿಯಾಯಿತಿ ಕೊಟ್ಟಿದ್ದೆ. ಅದೂ ಹೋಯಿತು.

“ಸಾರ್, ನೀವು ಹೀಗೆ ಬರೆದಿರಲಿಲ್ಲವಲ್ಲ.”

“ಬರೀಬೇಕು ಅಂತ ಮನಸ್ಸಲ್ಲಿತ್ತಮ್ಮ. ಮನಸ್ಸಲ್ಲಿದ್ದದ್ದನ್ನ ಈಗ ಕಾಗದಕ್ಕೆ ಇಳಿಸ್ತಿದೀನಿ. ಅದರಲ್ಲೇನು ಸುಳ್ಳು?” ಆಮೇಲೆ, ಏನೋ ನೆನಪಾದವರಂತೆ, “ನಿನ್ನ ಖಾಯಮಾತಿ ಕಾಗದಾನೂ ಇವತ್ತೇ ಕಳಿಸೋಣ. ಎರಡನ್ನೂ ಒಟ್ಟಿಗೆ ಹೊಡಿ.”

ಮನೆಯಲ್ಲಿ ಅಪ್ಪ ಎರಡು ವರ್ಷದಿಂದ ಛಾವಣಿ ನೋಡುತ್ತಾ ಮಲಗಿದ್ದರು. ನಾನು ಎರಡನ್ನೂ ಹೊಡೆದೆ.

ಒಂದು ಸಣ್ಣ ಕಿತಾಪತಿ ಮಾಡಿದೆ. ಆಫೀಸಿಗೆ ಆಗಷ್ಟೇ ಹೊಸ ಟೈಪ್ ಯಂತ್ರ ಬಂದಿತ್ತು. ಹಳೆಯದರಲ್ಲಿ ‘ಕ’ ಅಕ್ಷರ ಸದಾ ಸಾಲಿನಿಂದ ಒಂದಿಷ್ಟು ಮೇಲೆ ಹಾರುತ್ತಿತ್ತು. ಆ ಕಾಲದ ನಮ್ಮ ಕಾಗದಗಳೆಲ್ಲ ಹಾಗೆಯೇ. ಹಿಂದಿನ ತಾರೀಕಿನ ಆ ಟಿಪ್ಪಣಿಯನ್ನು ನಾನು ಬೇಕೆಂದೇ ಹೊಸ ಯಂತ್ರದಲ್ಲಿ ಹೊಡೆದೆ. ಕಡತದಲ್ಲಿ ಹಿಂದೆ ಮುಂದೆ ಇರುವ ಹಾಳೆಗಳ ಜೊತೆ ಇಟ್ಟು ನೋಡಿದರೆ ಯಾವ ದಡ್ಡನಿಗೂ ತಿಳಿಯುವಂತಿತ್ತು. ಸಾಹೇಬರಿಗೆ ತಿಳಿಯಲಿಲ್ಲ. ವಿಚಾರಣೆಗೆ ಬಂದ ಮೂವರು ದೊಡ್ಡ ಅಧಿಕಾರಿಗಳು ಕಡತ ಮಗುಚುವುದನ್ನು ನಾನು ಪರದೆಯ ಸಂದಿನಿಂದ ನೋಡುತ್ತಿದ್ದೆ. ಅವರು ಗೋಡಂಬಿ ತಿನ್ನುತ್ತಾ ಮಗುಚಿದರು. ಅವರಿಗೂ ತಿಳಿಯಲಿಲ್ಲ.

ಹೀಗೆ ಸಾಹೇಬರು ಕರಾಳ ದಿನಗಳಲ್ಲಿ ಬೇಹುಗಾರರನ್ನು ಎದುರುಹಾಕಿಕೊಂಡ ನಿರ್ಭೀತ ಅಧಿಕಾರಿಯಾದರು. ಅವರ ಅವಧಿಯನ್ನು ಮತ್ತೂ ಎರಡು ವರ್ಷ ಮುಂದುವರಿಸಿದರು. ಪರಿಶೀಲನಾಧಿಕಾರಿಗಳು ಎಚ್ಚರಿಸಿದ್ದರೂ ತಪ್ಪು ನಡೆಯಿತೆಂದರೆ ಅದು ವರದಿ ಬರೆದವನದ್ದೇ ಎಂದಾಯಿತು. ನಾಲ್ಕು ತಾಲ್ಲೂಕಿನಲ್ಲಿ ನಿಜ ಒಪ್ಪಿಕೊಂಡ ಆ ಒಬ್ಬನೇ ಮಫ್ತಿಯವನನ್ನು ಕೆಲಸದಿಂದ ತೆಗೆದರು. ಅವನನ್ನು ತೆಗೆದ ಆದೇಶದ ಪ್ರತಿ, ನನ್ನನ್ನು ಖಾಯಂ ಮಾಡಿದ ಆದೇಶ, ಎರಡೂ ಒಂದೇ ವಾರದಲ್ಲಿ ನಮ್ಮ ಆಫೀಸಿಗೆ ಬಂದವು. ಅಮ್ಮ ಪಾಯಸ ಮಾಡಿದಳು.

ಎಂಬತ್ತರ ದಶಕದ ನಡುವೆ ನಾನು ಬೇರೊಂದು ಇಲಾಖೆಯಲ್ಲಿ, ಮಧುಗಿರಿಯಲ್ಲೇ, ಮೇಲಿನ ದರ್ಜೆಗೆ ಬಂದಿದ್ದೆ. ಸಾಹೇಬರು ಊರಿನಲ್ಲೇ ಮನೆ ಕಟ್ಟಿಕೊಂಡು ನೆಲೆಸಿದ್ದರು. ಶಾಲೆಗಳ ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡು ಪ್ರಾಮಾಣಿಕತೆಯ ಬಗ್ಗೆ ಮಾತಾಡುತ್ತಿದ್ದರು. ಪುರವರದ ಶಾಲೆಯೊಂದರಲ್ಲಿ ಅವರ ಭಾಷಣ ಕೇಳಿ ಬಂದ ನನ್ನ ತಂಗಿಯ ಪುಟ್ಟ ಮಗಳು, “ಎಷ್ಟು ಒಳ್ಳೆಯವರು ದೊಡ್ಡಮ್ಮ ನಿಮ್ಮ ಸಾಹೇಬರು” ಎಂದಾಗ ನಾನು ಎದ್ದು ಅಡಿಗೆಮನೆಗೆ ಹೋದೆ.

ಒಂದು ದಿನ ಅವರ ಹೆಂಡತಿ ಹೇಳಿಕಳಿಸಿದರು. ಸಾಹೇಬರ ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ಕೈಚೆಲ್ಲಿದ್ದರು. ಹೋದೆ. ಹಾಸಿಗೆಯ ಮೇಲೆ ಎಲುಬಿನ ಗೂಡು ಬಿದ್ದುಕೊಂಡಿತ್ತು. ಹೆಂಡತಿಯನ್ನು ಹೊರಗೆ ಕಳಿಸಿ ನನ್ನನ್ನು ಹತ್ತಿರ ಕರೆದರು.

“ಆ ಕುರಿಯವನು... ಏನಾದನಮ್ಮ?”

ಸುಳ್ಳು ಹೇಳುವುದಿಲ್ಲ, ನನಗೆ ಅವರ ಮೇಲೆ ಕನಿಕರ ಬಂತು. ಎಷ್ಟೇ ಆಗಲಿ ಮನುಷ್ಯ, ಅವರಿಗೂ ಚುಚ್ಚಿದೆ ಎಂದುಕೊಂಡೆ. ಪಾವಗಡದ ಕಡಲೆಕಾಯಿ ಮಿಲ್ಲಿನಲ್ಲಿ ಕೂಲಿಯಾಗಿದ್ದಾನಂತೆ ಸಾರ್ ಎಂದೆ.

“ಒಂದು ಕೆಲಸ ಮಾಡ್ತೀಯಾ? ಅವನ ಹತ್ತಿರ ಹೋಗಿ ಒಂದು ಕಾಗದ ಬರೆಸಿಕೊಂಡು ಬಾ. ನನ್ನ ಮೇಲೆ ಅವನ ದೂರು ಏನೂ ಇಲ್ಲ ಅಂತ. ಹೆಬ್ಬೆಟ್ಟು ಒತ್ತಿಸು. ಮೇಲೆ ಹೋದಾಗ ಯಾರಾದ್ರೂ ಕೇಳಿದ್ರೆ...”

ಮುಂದಿನದು ಹೇಳಲಿಲ್ಲ. ಹಾಸಿಗೆಯಲ್ಲೂ ಅವರಿಗೆ ಬೇಕಾಗಿದ್ದು ಕಡತ. ನನಗೆ ಬಂದಿದ್ದ ಕನಿಕರ ಹಾಗೇ ಇಳಿದುಹೋಯಿತು. ಆದರೂ ಹೋಗುತ್ತೇನೆ ಎಂದೆ, ಯಾಕೆಂದರೆ ಎಂಟು ವರ್ಷದಿಂದ ನನಗೇ ಹೋಗಬೇಕಿತ್ತು, ಧೈರ್ಯವಿರಲಿಲ್ಲ.

ಭಾನುವಾರ ಪಾವಗಡದ ಬಸ್ಸು ಹತ್ತಿದೆ. ಮಿಲ್ಲಿನ ಹಿಂದಿನ ಸಾಲುಮನೆಗಳಲ್ಲಿ ಒಂದು ಚಿತ್ತಯ್ಯನದು. ಆ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ಉದ್ದನೆಯ ಆಳು, ಒಂದು ಕಾಲು ಎಳೆಯುತ್ತಿತ್ತು. ಕೆಂಚಮ್ಮ ನನ್ನ ಗುರುತು ಹಿಡಿದಳು. “ಸಾಹೇಬ್ರು ಸಿರಾಕೆ ಹೋಗವ್ರೆ ಅಂದಿದ್ರಲ್ಲ, ಆಯಮ್ಮ” ಎಂದು ಗಂಡನಿಗೆ ಹೇಳಿದಳು. ಹಂಗಿಸಲಿಲ್ಲ. ಚಾಪೆ ಹಾಸಿ, ಬೇಯಿಸಿದ ಕಡಲೆಕಾಯಿ ತಂದಿಟ್ಟಳು. ಕುರಿಗಳು ಏನಾದವು ಎಂದು ಕೇಳಿದೆ. ಅರ್ಧ ತೋಳದ ಪಾಲು, ಅರ್ಧ ಕಳ್ಳರ ಪಾಲು ಎಂದಳು.

ಚಿತ್ತಯ್ಯ ಮೆಲ್ಲಗೆ ಮಾತಾಡುತ್ತಿದ್ದ. “ಬರೆದಿದ್ನಲ್ಲ ಆ ಪೋಲೀಸಯ್ಯ, ನಾನು ಜೈಲಿಂದ ಬಂದ ದಿನಾನೇ ಬಂದು ಕಾಲಿಗೆ ಬಿದ್ಬುಟ್ಟ. ಏನು ಮಾಡೋದು, ಲೇ ಏಳಯ್ಯಾ ಅಂದೆ. ಪಾಪ, ಆಯಪ್ಪನ ಕೆಲ್ಸಾನೂ ಹೋಯ್ತು. ಈಗ ಇದೇ ಮಿಲ್ಲಲ್ಲಿ ವಾಚ್‌ಮನ್ನು. ನನ್ನ ಸೇರ್ಸಿದ್ದೂ ಆಯಪ್ಪನೇ.”

ನಾನು ಸಾಹೇಬರ ವಿಷಯ ಎತ್ತಿದೆ. ಅವರಿಗೆ ಕಾಯಿಲೆ, ನಿನ್ನ ನೆನಪು ಮಾಡಿಕೊಂಡರು ಎಂದೆ.

“ಯಾವ ಸಾಹೇಬ್ರು ತಾಯಿ?”

“ಮಧುಗಿರಿಯಲ್ಲಿದ್ದರಲ್ಲ, ಪರಿಶೀಲನೆ ಮಾಡೋರು. ಮಫ್ತಿಯವರು ಬರೆದದ್ದು ನಿಜವೋ ಸುಳ್ಳೋ ಅಂತ ನೋಡೋಕೆ ಸರ್ಕಾರ ಇಟ್ಟಿತ್ತು. ಸುಳ್ಳಾದರೆ ನಿನ್ನ ಹೆಸರು ಹೊಡೆದುಹಾಕೋ ಅಧಿಕಾರ ಅವರಿಗಿತ್ತು.”

ಚಿತ್ತಯ್ಯ ಹೆಂಡತಿಯ ಮುಖ ನೋಡಿದ. ಅವಳು ಸಾಹೇಬರನ್ನು ನೋಡಲು ಹೋಗಿದ್ದಳೇ ಹೊರತು ಅವರ ಅಧಿಕಾರ ಎಷ್ಟಿತ್ತೆಂಬುದು ಅವಳಿಗೂ ಗೊತ್ತಿರಲಿಲ್ಲ. ಅವನು ಕೈಯಲ್ಲಿದ್ದ ಕಡಲೆಕಾಯಿಯನ್ನು ತಟ್ಟೆಗೆ ಹಾಕಿ ಕೇಳಿದ:

“ನನ್ನ ಬಿಡ್ಸಾಕೇ ಅಂತ ಒಬ್ರು ಇದ್ರಾ ತಾಯಿ?”

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೆರಗಿನಿಂದ ಕೇಳಿದ. ನಾನು ಚೀಲದಲ್ಲಿದ್ದ ಬಿಳಿ ಹಾಳೆಯನ್ನೂ ಹೆಬ್ಬೆಟ್ಟಿನ ಶಾಯಿಯನ್ನೂ ಹೊರಗೆ ತೆಗೆಯಲಿಲ್ಲ. ಆ ಟಿಪ್ಪಣಿ ಟೈಪು ಮಾಡಿದವಳು ನಾನೇ, ನಿನಗೆ ಕೆಲಸ ಕೊಡಿಸಿದವನ ಕೆಲಸ ಹೋದದ್ದು ಅದರಿಂದ ಎಂದು ಹೇಳಲು ಬಾಯಿ ತೆರೆದೆ. ಆದರೆ ಹೇಳದೆ ಚೀಲ ಎತ್ತಿಕೊಂಡು ಎದ್ದೆ. ವಾಚ್‌ಮನ್ನನ್ನು ನೋಡಿಕೊಂಡು ಹೋಗಿ, ಗೇಟಿನಲ್ಲಿರ್ತಾನೆ ಎಂದರು ಗಂಡ ಹೆಂಡತಿ. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಇನ್ನೊಂದು ದಾರಿಯಿಂದ ಬಸ್‌ಸ್ಟ್ಯಾಂಡಿಗೆ ಹೋದೆ.

ಮಾರನೆಯ ದಿನ ಸಾಹೇಬರ ಮನೆಗೆ ಹೋದಾಗ ಅವರು ಬಾಗಿಲನ್ನೇ ನೋಡುತ್ತಿದ್ದರು.

“ಏನಂದ?”

“ನಿಮ್ಮ ಮೇಲೆ ಅವನಿಗೆ ಯಾವ ದೂರೂ ಇಲ್ಲ ಸಾರ್” ಎಂದೆ. ಯಾರೆಂದೇ ಅರಿಯದವರ ಮೇಲೆ ಯಾರು ದೂರು ಇಟ್ಟುಕೊಳ್ಳುತ್ತಾರೆ? ಅಷ್ಟನ್ನು ನಾನು ಹೇಳಲಿಲ್ಲ.

ಅವರ ಮುಖ ಹಗುರವಾಯಿತು. ಕಾಗದ ಎಲ್ಲಿ ಎಂದೂ ಕೇಳಲಿಲ್ಲ. “ನನಗೆ ಗೊತ್ತಿತ್ತಮ್ಮ. ಒಳ್ಳೆ ಜನ ಅವರು” ಎಂದು ಕಣ್ಣು ಮುಚ್ಚಿದರು. ನಾಲ್ಕನೆಯ ದಿನ ತೀರಿಕೊಂಡರು. ನಿದ್ದೆಯಲ್ಲೇ ಹೋದರು, ಒಂದಿಷ್ಟೂ ನರಳಲಿಲ್ಲ, ಪುಣ್ಯವಂತರು ಎಂದು ಅವರ ಹೆಂಡತಿ ನನ್ನ ಕೈ ಹಿಡಿದು ಅತ್ತರು. ಊರಿನ ದೊಡ್ಡವರೆಲ್ಲ ಬಂದು ಹಾರ ಹಾಕಿದರು. ನಾನೂ ಒಂದು ಹಾಕಿದೆ.

ನನ್ನ ಅಪ್ಪನಿಗೆ ಔಷಧಿಯಾದದ್ದು, ತಂಗಿಯ ಮದುವೆಯಾದದ್ದು, ಈ ವಯಸ್ಸಿನಲ್ಲಿ ನಾನು ಯಾರ ಮುಂದೂ ಕೈಚಾಚದೆ ಉಣ್ಣುತ್ತಿರುವುದು, ಎಲ್ಲ ಆ ಮನುಷ್ಯ ಹಾಕಿದ ಒಂದು ಸಹಿಯಿಂದ. ಅಷ್ಟು ನೆಮ್ಮದಿಯ ಸಾವನ್ನು ಅವರಿಗೆ ಕೊಟ್ಟವಳು ನಾನಾದ್ದರಿಂದ ಆ ಋಣ ಹರಿಯಿತು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅವರ ಋಣ ಹರಿದಿರಬಹುದು. ಪಾವಗಡದ ಮಿಲ್ಲಿನ ಗೇಟಿನಲ್ಲಿ ಕಾಯುತ್ತಿದ್ದವನನ್ನು ನೋಡದೆ ಬೇರೆ ದಾರಿ ಹಿಡಿದೆನಲ್ಲ, ಅವನು ಸತ್ತ ಸುದ್ದಿಯೂ ನನಗೆ ವರ್ಷ ಕಳೆದ ಮೇಲೆ ತಿಳಿಯಿತು. ಅವನ ಹೆಸರನ್ನು ನಾನು ಒಂದು ಸಲವೂ ಕೇಳಿ ತಿಳಿದುಕೊಂಡಿರಲಿಲ್ಲ.